ಬಂದಿಲ್ಲ, ಬರಂಗಿಲ್ಲ

ಸಿಂಧನೂರಿನ ಬಸ್ ನಿಲ್ದಾಣದಲ್ಲಿ 'ವಿಚಾರಣೆ' ಎಂದು ಬರೆದ ಕಿಟಕಿಯ ಒಳಗೆ ಕೂರುವುದು ನನ್ನ ಕೆಲಸ. ಹತ್ತನೆಯ ತರಗತಿ ಮುಗಿಸಿ ಕಂಡಕ್ಟರ್ ಆಗಿ ಸೇರಿದವನು, ಮೊಣಕಾಲು ಕೆಟ್ಟ ಮೇಲೆ ಈ ಕುರ್ಚಿಗೆ ಬಂದೆ. ಇಲ್ಲಿ ದಿನವಿಡೀ ನಾನು ಆಡುವ ಮಾತು ಹೆಚ್ಚುಕಡಿಮೆ ಎರಡೇ. ಬಸ್ಸು ತಡವಾಗಿದ್ದರೆ 'ಬಂದಿಲ್ಲ' ಎನ್ನುತ್ತೇನೆ. ಎಲ್ಲೋ ಕೆಟ್ಟು ನಿಂತು ಆ ದಿನಕ್ಕೆ ರದ್ದಾಗಿದ್ದರೆ 'ಬರಂಗಿಲ್ಲ' ಎನ್ನುತ್ತೇನೆ. ಈ ಎರಡು ಮಾತುಗಳ ನಡುವೆ ಏನಿದೆ ಎಂದು ನಾನಾಗಿ ಯೋಚಿಸಿದವನಲ್ಲ. ಯೋಚಿಸಿದವಳು ನನ್ನ ಹೆಂಡತಿ. ಅವಳು ಮಸ್ಕಿಯ ಆಚೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರ್ ಆಗಿದ್ದಳು. ತೀರಿಕೊಂಡು ವರ್ಷವಾಗುತ್ತ ಬಂತು.

ಜನ ಈಗ ಅವಳನ್ನು ಹುಟ್ಟಿನಿಂದಲೇ ದೊಡ್ಡ ಟೀಚರ್ ಆಗಿದ್ದವಳಂತೆ ಹೊಗಳುತ್ತಾರೆ. ಹಾಗೇನೂ ಇರಲಿಲ್ಲ. ಮೊದಲ ಎಷ್ಟೋ ವರ್ಷ ಅವಳು ಎಲ್ಲರಂತೆಯೇ ಇದ್ದಳು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ವಾರದೊಳಗೆ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತ ತೀರ್ಪು ಕೊಟ್ಟುಬಿಡುತ್ತಿದ್ದಳು: "ಈ ಸಲ ನಾಕ ಮಂದಿ ಓದೋವು ಅದಾವ್ರಿ. ಉಳದವು ಊಟಕ್ಕ ಬರೋವು." ಮಾರ್ಚಿನಲ್ಲಿ ನೋಡಿದರೆ ಹಾಗೆಯೇ ಆಗಿರುತ್ತಿತ್ತು. ತನ್ನ ಕಣ್ಣು ಎಷ್ಟು ಸರಿ ಎಂದು ಅವಳಿಗೆ ಸಮಾಧಾನ. ಲಿಂಗಸುಗೂರಿನಲ್ಲಿ ತರಬೇತಿ ಇದ್ದರೆ ಸೀರೆಗೆ ಫಾಲ್ ಹಚ್ಚುವ ಕೆಲಸ ಜೊತೆಗೆ ಒಯ್ಯುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು, ಮುಂದೆ ಯಾರೋ ಮಾತಾಡುತ್ತಿದ್ದಂತೆ, ಒಂದು ಸೀರೆ ಮುಗಿಸಿ ಬರುತ್ತಿದ್ದಳು. "ಚೊಲೋ ಆತು ತರಬೇತಿ?" ಎಂದು ಕೇಳಿದರೆ, "ಹೂಂ, ಅಂಚು ನೆಟ್ಟಗ ಬಂದೈತಿ" ಎನ್ನುತ್ತಿದ್ದಳು.

ಮಕ್ಕಳ ತಪ್ಪುಗಳನ್ನು ಮನೆಗೆ ತರುವುದು ಅವಳ ರೂಢಿ. ನಮಗೆ ಮಕ್ಕಳಿಲ್ಲ. ಊಟಕ್ಕೆ ಕೂತಾಗ "ಇವತ್ತೇನ್ ತಪ್ಪ ಸಿಕ್ತು?" ಎಂದು ನಾನು ಕೇಳುವುದು, ಅವಳು ಹೇಳುವುದು, ಇಬ್ಬರೂ ನಗುವುದು. ಆಗ ಆ ತಪ್ಪುಗಳು ನಗುವುದಕ್ಕೆ ಮಾತ್ರ ಇದ್ದವು.

ಒಂದು ಶನಿವಾರ ಶಾಲೆ ಬೇಗ ಬಿಟ್ಟು, ಮಸ್ಕಿಯಿಂದ ಬಂದವಳು ನನ್ನ ಪಾಳಿ ಮುಗಿಯಲೆಂದು ಕಿಟಕಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ರಣಬಿಸಿಲು. ಒಬ್ಬ ಮುದುಕ ಎರಡು ಚೀಲ ಇಟ್ಟುಕೊಂಡು ಕಿಟಕಿಗೆ ಬಂದ.

"ಲಿಂಗಸುಗೂರು ಗಾಡಿ ಬಂದಿಲ್ಲೇನ್ರಿ?"

"ಬಂದಿಲ್ಲ. ಕುಂಡ್ರು ಯಜಮಾನಾ."

"ಎಷ್ಟೊತ್ತು ಕುಂಡ್ರಬೇಕು?"

"ಬರೋತನ."

"ನನ್ನ ಮದಿವ್ಯಾಗೂ ಹಿಂಗ ಕುಂಡ್ರಿಸಿದ್ರು. ಬರ್ತಾಳ ಬರ್ತಾಳ ಅಂತ. ಬಂದ ಮ್ಯಾಲ ತಿಳೀತು, ಬರದಿದ್ರ ಚೊಲೋ ಇತ್ತಂತ." ಸುತ್ತಲಿದ್ದವರು ನಕ್ಕರು. ಮುದುಕ ಚೀಲದ ಮೇಲೆಯೇ ಕೂತ. ಕೂತರೂ ಕಣ್ಣು ಗೇಟಿನ ಕಡೆಗೇ ಇತ್ತು.

ಆಮೇಲೆ ಕೆಲವು ಹೆಂಗಸರು ಬಂದು ಕವಿತಾಳದ ಗಾಡಿ ಕೇಳಿದರು. ಅದು ದಾರಿಯಲ್ಲಿ ಕೆಟ್ಟಿತ್ತು. "ಬರಂಗಿಲ್ಲ" ಎಂದೆ. ಅವರು ಮತ್ತೊಂದು ಮಾತಾಡದೆ ಗಂಟು ಎತ್ತಿಕೊಂಡು ಹೊರಟುಹೋದರು.

ಪಾಳಿ ಮುಗಿಸಿ ಇಬ್ಬರೂ ಮನೆಗೆ ಹೊರಟೆವು. ದಾರಿಯಲ್ಲಿ ಅವಳು ಹೇಳಿದಳು: "ನೀವು ಬರಂಗಿಲ್ಲ ಅಂದ ಕೂಡ್ಲೆ ಆ ಹೆಣ್ಮಕ್ಳು ಗೇಟಿನ ಕಡೆ ಒಮ್ಮಿ ಸೈತ ಹೊಳ್ಳಿ ನೋಡ್ಲಿಲ್ಲ."

"ಮತ್ತ ಯಾಕ ನೋಡ್ತಾರ? ಬರಂಗಿಲ್ಲಲ."

"ನೀವೂ ನೋಡ್ಲಿಲ್ಲ. ಲಿಂಗಸುಗೂರು ಗಾಡಿಗೆ ಮೂರ್ನಾಕು ಸಲ ಫೋನ್ ಹಚ್ಚಿದ್ರಿ, ಎಲ್ಲಿ ಐತಿ, ಯಾಕ ತಡ ಆತು ಅಂತ. ಆ ಇನ್ನೊಂದಕ್ಕ ಹಚ್ಚಲಿಲ್ಲ."

"ಬರಂಗಿಲ್ಲ ಅಂದ ಮ್ಯಾಲ ಹಚ್ಚಿ ಏನ್ ಮಾಡ್ಲಿ?"

"ಅದನ್ನ ಹೇಳಾಕತ್ತೀನಿ" ಎಂದಳು. "ಈ ಹುಡುಗಿಗೆ ಓದಾಕ ಬರಂಗಿಲ್ಲ, ಆ ಹುಡುಗಗ ಲೆಕ್ಕ ಬರಂಗಿಲ್ಲ ಅಂತೀನಲ್ಲ, ಅಂದ ಮ್ಯಾಲ ನಾನೂ ಯಾರಿಗೂ ಫೋನ್ ಹಚ್ಚಿಲ್ಲ."

ನನಗೆ ಆಗ ಅರ್ಥವಾಗಲಿಲ್ಲ. ಬಿಸಿಲಿಗೆ ತಲೆ ಬಿಸಿಯಾಗಿದೆ ಎಂದುಕೊಂಡೆ. ಆದರೆ ಆ ವಾರದಿಂದ ಅವಳ ಬಾಯಲ್ಲಿ ಆ ಮಾತು ನಿಂತುಹೋಯಿತು. ಮಗುವಿನ ವಿಷಯಕ್ಕೆ ಯಾರಾದರೂ ಬರಂಗಿಲ್ಲ ಎಂದರೆ "ಬಂದಿಲ್ಲ ಅನ್ರಿ" ಎಂದು ತಿದ್ದುತ್ತಿದ್ದಳು. ಶಾಲೆಯಲ್ಲಿ ಉಳಿದವರು ತಮಾಷೆ ಮಾಡಿದರಂತೆ. ಹೆಡ್ ಮಾಸ್ತರು, "ಮೇಡಂ, ನಿಮ್ಮ ಮನಿಯವ್ರು ಬಸ್ ಸ್ಟ್ಯಾಂಡಿನ್ಯಾಗ ಕುಂತಾರ ಅಂತ ಸಾಲೀನೂ ಬಸ್ ಸ್ಟ್ಯಾಂಡ್ ಮಾಡ್ತೀರೇನು?" ಎಂದರಂತೆ. ಅವಳು ನಕ್ಕುಬಿಟ್ಟಳಂತೆ.

ಮಾತು ಬದಲಿಸುವುದು ಸುಲಭ. ಬಂದಿಲ್ಲ ಎಂದ ಮೇಲೆ ಯಾಕೆ ಬಂದಿಲ್ಲ, ಎಲ್ಲಿ ನಿಂತಿದೆ ಎಂದು ಹುಡುಕಬೇಕಾಗುತ್ತದೆ. ಅವಳಿಗೆ ಹುಡುಕುವುದು ಗೊತ್ತಿರಲಿಲ್ಲ. ಅದನ್ನು ಅವಳೇ ಹೇಳಿಕೊಂಡಳು. ಮುಂದಿನ ತರಬೇತಿಗೆ ಹೋಗುವಾಗ ಸೀರೆ ಒಯ್ಯಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತು, ಮಕ್ಕಳು ಮಾಡುವ ಒಂದೊಂದೇ ತಪ್ಪನ್ನು ಎತ್ತಿ, ಇದು ಯಾಕೆ ಹೀಗೆ ಎಂದು ಕೇಳುತ್ತಿದ್ದಳಂತೆ. ಉತ್ತರ ಸಿಗದೆ ಬಂದ ದಿನಗಳೂ ಇದ್ದವು.

ಅವಳ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ಗುರುಗುಂಟಾದಲ್ಲಿ ಇನ್ನೊಂದು ಮನೆ ಮಾಡಿದ್ದಳು. ಹುಡುಗಿಯನ್ನು ಸಾಕಿದವಳು ಅಜ್ಜಿ. ಆರನೆಯ ತರಗತಿಗೆ ಬಂದಿದ್ದರೂ ಓದು ಬಂದಿರಲಿಲ್ಲ. ಆದರೆ ಬಹಳ ಉಪಯೋಗದ ಹುಡುಗಿ. ಕನ್ನಡ ಪುಸ್ತಕ ತೆಗೆಯಿರಿ ಎಂದ ಕೂಡಲೇ ಎದ್ದು ನಿಂತು, "ಟೀಚರ್ರೀ, ನೀರ ತರ್ಲೇನ್ರಿ?" ಎನ್ನುತ್ತಿದ್ದಳು. ಬೋರ್ಡು ಒರೆಸುವುದು, ಚಾಪೆ ಮಡಚುವುದು, ಹೆಡ್ ಮಾಸ್ತರರ ಕೋಣೆಗೆ ಚಹಾ ಒಯ್ಯುವುದು, ಎಲ್ಲ ಅವಳೇ. ನನ್ನ ಹೆಂಡತಿಯೂ ಎರಡು ವರ್ಷ ಅವಳನ್ನು ನೀರಿಗೆ ಕಳಿಸಿದ್ದಳು, ಒಳ್ಳೆಯ ಹುಡುಗಿ ಎಂದು ಮೆಚ್ಚಿಕೊಂಡಿದ್ದಳು. ಈಗ ಕಳಿಸುವುದು ನಿಲ್ಲಿಸಿದಳು. "ನೀರು ಇನ್ನೊಬ್ರು ತರ್ತಾರ. ನೀ ಓದು" ಎಂದಳು.

ಹುಡುಗಿಗೆ ಓದಲು ಕೊಟ್ಟದ್ದು ಅವಳ ಕಡೆಯ ಊರುಗಳ ಹೆಸರು. ಬೋರ್ಡಿನ ಮೇಲೆ ಮೂರು ಊರು ಬರೆದಿತ್ತು. ಸಿಂಧನೂರು ಎಂಬುದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಲಿಂಗಸುಗೂರನ್ನೂ ಓದಿದಳು. ಮಸ್ಕಿಗೆ ಬಂದಾಗ 'ಮಸಿಕ' ಎಂದಳು. ತರಗತಿ ನಕ್ಕಿತು. ಅಂದಿನಿಂದ ಅವಳಿಗೆ ಅದೇ ಹೆಸರು ಬಿತ್ತು. "ಲೇ ಮಸಿಕ, ಬಾರಲೇ." ಹುಡುಗಿಯ ಬಣ್ಣ ಕಪ್ಪು. ಮಸಿ ಎಂಬ ಮಾತು ಒಳಗೇ ಇತ್ತು.

ಆ ದಿನ ಊಟಕ್ಕೆ ಕೂತಾಗ ನಾನು ಎಂದಿನಂತೆ ಕೇಳಿದೆ. ಅವಳು ನಗಲಿಲ್ಲ. ಪರಾತದಲ್ಲಿ ಉಳಿದಿದ್ದ ಹಿಟ್ಟಿನ ಮೇಲೆ ಬೆರಳಿನಿಂದ 'ಮಸ್ಕಿ' ಎಂದು ಬರೆದಳು.

"ನೋಡ್ರಿ. ನೀವು ಏನೂ ಗೊತ್ತಿಲ್ಲದಂಗ ಓದ್ರಿ."

ನೋಡಿದೆ. ಮ ಇದೆ. ಅದರ ಪಕ್ಕ ಗುಡಿಸು ಹೊತ್ತ ಸ ಇದೆ, ಅದು ಸಿ. ಕೆಳಗೆ ಸಣ್ಣ ಕ. ಮ, ಸಿ, ಕ.

"ಆಕಿ ತಪ್ಪ ಓದಿಲ್ರೀ" ಎಂದಳು. "ಬರದದ್ದನ್ನ ಬರದಂಗ ಓದ್ಯಾಳ. ತಪ್ಪ ಇರೋದು ನಾವು ಬರ್ಯೋದ್ರಾಗ. ಗುಡಿಸು ಮ್ಯಾಲಿನ ಅಕ್ಷರಕ್ಕ ಹಚ್ಚತೀವಿ, ಹೇಳೋದು ಕೆಳಗಿಂದಕ್ಕ. ಇಷ್ಟ ವರ್ಷ ಯಾರೂ ಆಕಿಗೆ ಇದನ್ನ ಹೇಳೇ ಇಲ್ಲ. ನಾನೂ ಹೇಳಿಲ್ಲ. ಒಂದ ಗುಡಿಸಿನ್ಯಾಗ ಸಿಕ್ಕೊಂಡು ನಿಂತೈತಿ ಆಕಿ ಗಾಡಿ."

ಮರುದಿನ ಹುಡುಗಿಗೆ ಅಕ್ಕ ಎಂದು ಬರೆದು ಓದಿಸಿದಳು, ಸರಿ ಬಂತು. ಅಕ್ಕಿ ಎಂದು ಬರೆದಳು, 'ಅಕಿಕ' ಬಂತು. ಎತ್ತು ಬರೆದಳು, 'ಎತುತ' ಬಂತು. ಎಲ್ಲಿ ನಿಂತಿದೆ ಎಂಬುದು ಖಾತ್ರಿಯಾಯಿತು. ಅದನ್ನು ಹೇಗೆ ಬಿಡಿಸುವುದೆಂದು ಬಹಳ ದಿನ ಒದ್ದಾಡಿದಳು. ತರಬೇತಿಯಲ್ಲಿ ಕೇಳಿದಳು. ಲಿಂಗಸುಗೂರಿನಲ್ಲಿ ತನಗಿಂತ ಹಿರಿಯರಾದ ಒಬ್ಬ ಟೀಚರ್ ಪಾಠ ಮಾಡುವಾಗ ಹಿಂದೆ ಹೋಗಿ ಕೂತು ಬಂದಳು. ರಜೆ ಹಾಕಿ ಇನ್ನೊಬ್ಬರ ಪಾಠ ಕೇಳಲು ಹೋಗುವ ಟೀಚರನ್ನು ಕಂಡು ಶಾಲೆಯವರಿಗೆ ಮತ್ತೆ ನಗು. ಕೊನೆಗೆ ಗುಡಿಸನ್ನು ಹೂವು ಮಾಡಿ ತಾನೇ ಒಂದು ಮಾತು ಕಟ್ಟಿದಳು.

"ಮ್ಯಾಲ ನಿಂತಾಕಿ ಅಕ್ಕ. ಕೆಳಗ ಕುಂತಾಕಿ ತಂಗಿ. ಹೂವು ಅಕ್ಕನ ತಲ್ಯಾಗ ಕಾಣಸ್ತೈತಿ. ಖರೇ ಅದು ತಂಗೀದು."

ಹುಡುಗಿ ಬೇಗ ಶಾಲೆಗೆ ಬರತೊಡಗಿದಳು. ಬೀಗ ತೆಗೆಯುವ ಮೊದಲೇ ಗೇಟಿನ ಬಳಿ ನಿಂತಿರುತ್ತಾಳೆ ಎಂದು ನನ್ನ ಹೆಂಡತಿ ಹೇಳಿದಳು. ನೀರಿನ ಮಾತು ಎತ್ತುವುದಿಲ್ಲವಂತೆ. ಅಕ್ಕಿ ಎಂಬುದನ್ನು ಒಮ್ಮೆ ಸರಿಯಾಗಿ ಓದಿದಳಂತೆ. ಮರುದಿನ ಮತ್ತೆ ಅಕಿಕ. ಹತ್ತಿರ ಬಂದಿದೆ, ಇನ್ನು ಸ್ವಲ್ಪ ದಿನ ಎಂದಳು.

ಆಗಲೇ ನನ್ನ ಹೆಂಡತಿಗೆ ಹೊಟ್ಟೆನೋವು ಶುರುವಾಗಿತ್ತು. ಊಟ ಸೇರುತ್ತಿರಲಿಲ್ಲ. ಸಿಂಧನೂರಿನಲ್ಲಿ ತೋರಿಸಿ, ರಾಯಚೂರಿಗೆ ಹೋದೆವು. ಅಲ್ಲಿ ಪರೀಕ್ಷೆ ಮಾಡಿದರು. ದಿನವೂ ಹೋಗಿ ಕೇಳುತ್ತಿದ್ದೆ. ಕಿಟಕಿಯ ಒಳಗಿನ ಹುಡುಗ "ರಿಪೋರ್ಟ್ ಬಂದಿಲ್ರೀ" ಎನ್ನುತ್ತಿದ್ದ. ಹಾಸಿಗೆಯಲ್ಲಿ ಮಲಗಿದ್ದ ಅವಳು, "ಕುಂಡ್ರು ಯಜಮಾನಾ ಅನ್ಲಿಲ್ಲೇನು?" ಎಂದು ನನ್ನನ್ನೇ ಅಣಕಿಸಿದಳು. ರಿಪೋರ್ಟು ಬಂದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದರು. ಅವರು ಏನೆಂದರೆಂದು ಅವಳು ಕೇಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ.

ಆಸ್ಪತ್ರೆಯಲ್ಲಿ ಅವಳು ಕೇಳುತ್ತಿದ್ದುದು ಒಂದೇ. "ಆ ಹುಡುಗಿನ್ನ ಯಾರರ ನೀರಿಗೆ ಕಳಸ್ಯಾರೇನೋ. ಒಮ್ಮಿ ಹೋಗಿ ನೋಡಿ ಬರ್ರಿ." ಅವಳನ್ನು ಬಿಟ್ಟು ಹೋಗುವುದು ಹೇಗೆ? ಶಾಲೆಗೆ ಫೋನ್ ಮಾಡಿ ಕೇಳಿದೆ. ಎಲ್ಲ ಸರಿ ನಡೆದಿದೆ ಎಂದರು. ಅದನ್ನೇ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು, ನಂಬಿದಳೋ ಇಲ್ಲವೋ.

ಅವಳು ಹೋದ ಕೆಲವು ದಿನಕ್ಕೆ ಶಾಲೆಯಲ್ಲಿ ಶ್ರದ್ಧಾಂಜಲಿ ಇಟ್ಟುಕೊಂಡಿದ್ದರು. ಕುರ್ಚಿಯ ಮೇಲೆ ಅವಳ ಫೋಟೋ, ಅದಕ್ಕೆ ಮಲ್ಲಿಗೆ ಮಾಲೆ. ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಮಕ್ಕಳೆಲ್ಲ ಸಾಲಾಗಿ ಕೂತಿದ್ದರು. ಒಬ್ಬ ಹುಡುಗ ಎದ್ದು ಟೀಚರ್ ಬಗ್ಗೆ ಬರೆದದ್ದನ್ನು ಓದುತ್ತಿದ್ದ. ಆಗ ನನ್ನ ಮುಂದೆ ಒಂದು ತಟ್ಟೆ ಬಂತು. ಅದರ ಮೇಲೆ ನೀರಿನ ಲೋಟಗಳು. ತಲೆ ಎತ್ತಿ ನೋಡಿದೆ. ಆ ಹುಡುಗಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಯಾರೆಂದು ಕೇಳುವುದು ಬೇಕಿರಲಿಲ್ಲ. ಓದುವ ಹೊತ್ತಿನಲ್ಲಿ ನೀರು ತಂದವಳು ಇವಳೊಬ್ಬಳೇ.

ಲೋಟ ತೆಗೆದುಕೊಂಡೆ. ಕುಡಿಯದೆ ಕಾಲ ಬಳಿ ಇಟ್ಟೆ.

ಹೊಸದಾಗಿ ಬಂದ ಮಾಸ್ತರ ಚಿಕ್ಕ ವಯಸ್ಸಿನವ, ಒಂದು ವರ್ಷದ ಮಟ್ಟಿಗೆ ಬಂದವ. ಎರಡು ತರಗತಿ ಒಟ್ಟಿಗೆ ನೋಡುತ್ತಿದ್ದ. ಕೆಟ್ಟವನಲ್ಲ. ಹುಡುಗಿಯ ಬಗ್ಗೆ ಕೇಳಿದಾಗ ಮೆಲ್ಲಗೆ ಹೇಳಿದ: "ಪಾಪ ಸರ್ರ, ಆಕಿಗೆ ಬರಂಗಿಲ್ಲ. ಎಲ್ರೂ ನಗ್ತಾರ. ಎಬ್ಬಿಸಿ ಓದ್ಸಿ ಯಾಕ ಕಾಡೋದು? ಕೆಲ್ಸ ಭಾಳ ಚೊಲೋ ಮಾಡ್ತಾಳ." ಅವನ ಮುಖದಲ್ಲಿ ಕರುಣೆ ಇತ್ತು. ಬೈಯುವ ಮಾಸ್ತರನಾಗಿದ್ದರೆ ನನಗೆ ಜಗಳವಾದರೂ ಮಾಡಲು ಬರುತ್ತಿತ್ತು. ಗುಡಿಸಿನ ವಿಷಯ, ಅಕ್ಕ ತಂಗಿಯ ವಿಷಯ ನನಗೆ ತಿಳಿದಷ್ಟು ಹೇಳಿದೆ. "ನೋಡ್ತೀನ್ರಿ" ಎಂದ. ಎರಡು ತರಗತಿಯ ಗದ್ದಲ ಅವನನ್ನು ಕರೆಯುತ್ತಿತ್ತು.

ಮಳೆಗಾಲ ಬರುವುದರೊಳಗೆ ಹುಡುಗಿ ಶಾಲೆ ಬಿಟ್ಟಳೆಂದು ಗೊತ್ತಾಯಿತು. ಒಂದು ರಜೆಯ ದಿನ ಅವರ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಹುಡುಗಿ ಮನೆಯಲ್ಲಿರಲಿಲ್ಲ.

"ಬಾ ಯಪ್ಪಾ, ಕುಂಡ್ರು. ಟೀಚರ್ ಮನಿಯವ್ರಲ್ಲ ನೀವು?"

"ಹುಡುಗಿ ಸಾಲಿ ಬಿಡಿಸೀಯಂತ ಯಮ್ಮಾ?"

"ನಾ ಎಲ್ಲಿ ಬಿಡಿಸೀನಿ? ಸಾಲೀನ ಆಕಿನ್ನ ಬಿಟ್ಟೈತಿ. ಮಾಸ್ತರ ಚೊಲೋ ಮನಷ್ಯ, ಹೊಡ್ಯಂಗಿಲ್ಲ, ಬೈಯಂಗಿಲ್ಲ. ಆಯಿ, ಆಕಿಗೆ ಬರಂಗಿಲ್ಲ ಅಂದ. ಅಲ್ಲಿ ನೀರು ಹೊರೋದು, ಇಲ್ಲಿ ನೀರು ಹೊರೋದು. ಇಲ್ಲೇ ಹೊರ್ಲಿ ಬಿಡು."

"ಬರಂಗಿಲ್ಲ ಅಂತ ಅಲ್ಲ. ಬಂದಿಲ್ಲ."

ಅಜ್ಜಿ ಮೊರ ಕೆಳಗಿಟ್ಟಳು. "ನಿನ್ನ ಹೇಂತಿನೂ ಅದನ್ನ ಅಂತಿದ್ಲು. ಬಂದಿಲ್ಲ ಅಂದಾಕಿ ಕಾಯ್ಕೊಂತ ಕುಂತಿದ್ಲು. ಈಗ ಯಾರು ಕುಂಡ್ರತಾರ? ನೀ ಕುಂಡ್ರತೀಯೇನು?"

ಅಜ್ಜಿ ಕೊಟ್ಟ ಚಹಾ ಕುಡಿದು ಎದ್ದೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರಿನ ಸುತ್ತ ಭತ್ತದ ನಾಟಿ. ಮಸ್ಕಿ ಕಡೆಯ ಒಣ ಊರುಗಳಿಂದ ಹೆಂಗಸರ ಗುಂಪುಗಳು ಬೆಳಗಿನ ಬಸ್ಸಿಗೆ ಬರುತ್ತವೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ನಿಲ್ದಾಣದಲ್ಲಿ ಇಳಿದು, ಹೊಲದವರು ಕಳಿಸುವ ಟೆಂಪೋಗೆ ಕಾಯುತ್ತಾರೆ. ಒಂದು ಬೆಳಿಗ್ಗೆ ಆ ಗುಂಪಿನಲ್ಲಿ ಅಜ್ಜಿಯನ್ನು ನೋಡಿದೆ. ಪಕ್ಕದಲ್ಲಿ ಹುಡುಗಿ, ಹಳೆಯ ಶರ್ಟು ತೊಟ್ಟು, ಬುತ್ತಿಗಂಟು ಹಿಡಿದುಕೊಂಡು. ಅಂದು ಟೆಂಪೋ ಬಂದಿರಲಿಲ್ಲ. ನನ್ನ ಕಿಟಕಿಯ ಮುಂದೆಯೇ ಕೂತರು.

ಒಂದು ಬಸ್ಸು ಒಳಗೆ ಬಂತು. ಗುಂಪಿನ ಒಬ್ಬಳು ಹುಡುಗಿಯನ್ನು ತಿವಿದಳು. "ಲೇ, ಸಾಲಿ ಕಲ್ತಾಕಿ, ಯಾ ಊರಿನ ಬಸ್ಸು ಅದು? ಓದಿ ಹೇಳು."

ಹುಡುಗಿ ಬೋರ್ಡು ನೋಡಿದಳು. "ಹ... ಟಿ... ಟ."

"ಹಟಿಟ ಅಂತ ನೋಡ್ರೇ. ಅದು ಯಾ ದೇಶದಾಗ ಐತಿಲೇ?" ಹೆಂಗಸರೆಲ್ಲ ನಕ್ಕರು.

ಹುಡುಗಿ ತಲೆ ತಗ್ಗಿಸುತ್ತಾಳೆ, ನೀರು ತರುತ್ತೇನೆ ಎಂದು ಏಳುತ್ತಾಳೆ ಎಂದುಕೊಂಡೆ. ಏಳಲಿಲ್ಲ. ಬೋರ್ಡಿನ ಕಡೆಗೇ ನೋಡುತ್ತ ಕೂತಳು. ತುಟಿ ಆಡುತ್ತಿತ್ತು. ನನಗೆ ಕೇಳಿಸಿತು, ಬಹಳ ಸಣ್ಣಗೆ. "ಹೂವು ತಂಗೀದು." ಆಮೇಲೆ ಹೇಳಿದಳು: "ಹಟ್ಟಿ."

"ಹಟ್ಟಿ ಗಾಡಿ ಅಂತ ನಾವು ಓದ್ದಲೇನ ಹೇಳ್ತೀವಿ ಬಿಡಬೇ" ಎಂದಳು ತಿವಿದವಳು. ಅದೂ ನಿಜ. ದಿನವೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದು ನಿಲ್ಲುವ ಗಾಡಿ.

ನಾನು ಕುರ್ಚಿ ಬಿಟ್ಟು ಹೊರಗೆ ಬಂದೆ. ಹುಡುಗಿಯ ಬಳಿ ನಿಂತು, ಆಚೆ ಕಡೆಯ ಪ್ಲಾಟ್‌ಫಾರಂ ತೋರಿಸಿದೆ. "ಅದು?"

"ಹು... ಬ್ಬ... ಳ್ಳಿ" ಎಂದಳು. ತಡೆದಳು, ತಪ್ಪಲಿಲ್ಲ.

ನನ್ನ ಕಿಟಕಿಯ ಮೇಲೆ ಊರುಗಳ ಹೆಸರು ಬಣ್ಣದಲ್ಲಿ ಬರೆದಿದೆ. ಅದನ್ನು ನಾನು ತೋರಿಸಲಿಲ್ಲ. ಅವಳೇ ನೋಡಿದಳು. ಮೇಲಿನಿಂದ ಕೆಳಗೆ ಕಣ್ಣು ಇಳಿಸಿ ಒಂದು ಕಡೆ ನಿಲ್ಲಿಸಿದಳು. "ಮಸ್ಕಿ" ಎಂದಳು. ನನ್ನ ಕಡೆ ತಿರುಗಿ, "ಮಸಿಕ ಅಲ್ರೀ ಕಾಕಾ" ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಯಮ್ಮಾ" ಎಂದೆ ಅಜ್ಜಿಗೆ, "ಆಕಿಗೆ ಓದಾಕ ಬಂತು."

"ಬಂತಾ?" ಎಂದಳು ಅಜ್ಜಿ, ಗಾಡಿಯೊಂದು ಬಂತೆಂದರೆ ಕೇಳುವ ಹಾಗೆ. ಹುಡುಗಿಯ ಮುಖ ನೋಡಿದಳು. ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು. ಆಮೇಲೆ, "ಈಗ ಬಂದ್ರ ಹತ್ತೋರು ಯಾರದಾರ ಯಪ್ಪಾ?" ಎಂದಳು.

ಅಷ್ಟರಲ್ಲಿ ಟೆಂಪೋ ಬಂತು. ಹೆಂಗಸರು ಎದ್ದರು. ಹುಡುಗಿ ಬುತ್ತಿಗಂಟುಗಳನ್ನೆಲ್ಲ ಮೇಲಕ್ಕೆ ಕೊಟ್ಟು, ಕೊನೆಗೆ ತಾನು ಹತ್ತಿದಳು. ಅಲ್ಲೂ ಎಲ್ಲರ ಕೆಲಸ ಅವಳದೇ.

ಒಳಗೆ ಬಂದು ಫೋನ್ ಎತ್ತಿಕೊಂಡೆ. ಬೆರಳು ತಾನಾಗಿ ನನ್ನ ಹೆಂಡತಿಯ ಹೆಸರಿನ ಮೇಲೆ ಹೋಗಿ ನಿಂತಿತು. ಅದನ್ನು ಇನ್ನೂ ತೆಗೆದಿಲ್ಲ. ಸ್ವಲ್ಪ ಹೊತ್ತು ನೋಡಿ, ಹೆಡ್ ಮಾಸ್ತರಿಗೆ ಹಚ್ಚಿದೆ. ಹುಡುಗಿಗೆ ಓದು ಬಂದಿದೆ, ನಾನು ಕಿವಿಯಾರೆ ಕೇಳಿದೆ, ಅಜ್ಜಿಗೆ ನೀವು ಹೋಗಿ ಹೇಳಿದರೆ ಕಳಿಸಬಹುದು ಎಂದೆ.

"ಭಾಳ ಚೊಲೋ ಆತು ಸರ್ರ. ಮೇಡಂ ಇದ್ದಿದ್ರ ಎಷ್ಟ್ ಖುಷಿ ಪಡ್ತಿದ್ರು" ಎಂದರು. "ನಾಟಿ ಮುಗೀಲಿ, ನೋಡೂನು."

ನಾಟಿ ಮುಗಿಯಿತು. ಕಳೆ ತೆಗೆಯುವ ಕೆಲಸ ಬಂತು. ಅದರ ಹಿಂದೆ ಹತ್ತಿ ಬಿಡಿಸುವುದು ಬಂತು. ಆ ಗುಂಪು ಈಗಲೂ ಬರುತ್ತದೆ. ಹುಡುಗಿ ನನ್ನ ಕಿಟಕಿಯ ಮುಂದೆ ಕೂತು ಬರುವ ಹೋಗುವ ಬೋರ್ಡುಗಳನ್ನೆಲ್ಲ ಓದುತ್ತಾಳೆ, ಬಾಯಿ ಬಿಡದೆ. ಈಗ ಅವಳನ್ನು ಯಾರೂ ಓದು ಎನ್ನುವುದಿಲ್ಲ.

ಮೊನ್ನೆ ಹೆಡ್ ಮಾಸ್ತರು ಸಿಂಧನೂರಿಗೆ ಬಂದವರು ಕಿಟಕಿಗೆ ಬಂದು ಮಾತಾಡಿಸಿದರು. ಹಾಜರಿ ಕರೆಯುವಾಗ ಆ ಹುಡುಗಿಯ ಹೆಸರಿಗೆ ಉಳಿದ ಮಕ್ಕಳು ಏನು ಹೇಳುತ್ತಾರೆ ಎಂದು ಕೇಳಿದೆ. ನಾವು ಓದುವಾಗ, ಬಾರದವರ ಹೆಸರು ಕರೆದರೆ, ತರಗತಿಯೆಲ್ಲ ಒಟ್ಟಿಗೆ 'ಬಂದಿಲ್ರೀ' ಎಂದು ಕೂಗುತ್ತಿತ್ತು. ಈಗಲೂ ಹಾಗೆಯೇ ಕೂಗುತ್ತಾರೆಂದು ನನ್ನ ಹೆಂಡತಿ ಹೇಳುತ್ತಿದ್ದಳು.

"ಈಗ ಆ ಹೆಸರ ಕರ್ಯಂಗಿಲ್ಲ ಸರ್ರ" ಎಂದರು.

ಅವರ ಹಿಂದೆ ನಿಂತಿದ್ದವರು ಮಸ್ಕಿ ಗಾಡಿ ಕೇಳಿದರು. ಬಂದಿಲ್ಲ, ಕುಂಡ್ರಿ ಎಂದೆ. ಎಲ್ಲಿದೆ ಎಂದು ಕೇಳಲು ಫೋನ್ ಹಚ್ಚಿದೆ.